ಆತಂಕವು ಭಕ್ತಿಯ ಕೊರತೆಯಲ್ಲ

ಕಳೆದ ಶ್ರಾವಣದಲ್ಲಿ ಶ್ರೀಮಠದಲ್ಲಿ ರೋಗಿಗಳನ್ನು ನೋಡುತ್ತಿದ್ದಾಗ ತಾಯಿಯೊಬ್ಬರು ನಮ್ಮೆದುರು ಕುಳಿತು ಮೆಲ್ಲನೆ ನುಡಿದರು: “ಒಂದು ದಿನಾನೂ ಲಿಂಗಪೂಜಿ ಬಿಟ್ಟಿಲ್ರೀ. ಆದ್ರೂ ನಸುಕಿನಾಗ ಎಚ್ಚರಾದ ಕೂಡ್ಲೆ ಎದಿ ಧಸಕ್ ಅಂತದ. ನನ್ನ ಭಕ್ತಿಯೊಳಗ ಏನರ ಕಡಿಮಿ ಆಗ್ಯದೇನ್ರೀ?” ಹೃದಯದ ಹಾಗೂ ಥೈರಾಯ್ಡ್ ಪರೀಕ್ಷೆಗಳಲ್ಲಿ ದೋಷವೇನೂ ಕಂಡಿರಲಿಲ್ಲ. ಆಕೆಯನ್ನು ಬೇನೆಗಿಂತ ಹೆಚ್ಚಾಗಿ ಆ ಪ್ರಶ್ನೆಯೇ ಸುಡುತ್ತಿತ್ತು.

ಚರಕಸಂಹಿತೆಯ ವಿಮಾನಸ್ಥಾನವು ರಜಸ್ತಮೋಜನ್ಯ ಮನೋವಿಕಾರಗಳನ್ನು ಎಣಿಸುವಾಗ ಶೋಕ, ಭಯಗಳೊಡನೆ ಚಿತ್ತೋದ್ವೇಗವನ್ನೂ ಹೆಸರಿಸುತ್ತದೆ. ಅದೇ ಪಟ್ಟಿಯಲ್ಲಿ ಕಾಮ, ಕ್ರೋಧ, ಲೋಭಗಳೂ ಇರುವುದರಿಂದ ಆತಂಕವನ್ನು ದುರ್ಗುಣವೆಂದೇ ಬಗೆಯುವವರುಂಟು. ಅಂತಹವರು ಚಿಕಿತ್ಸಾಸ್ಥಾನದ ಅತಿಸಾರ ಪ್ರಕರಣವನ್ನು ಓದಬೇಕು. ಅಲ್ಲಿ ಹೇಳಿರುವ ಆರು ಬಗೆಯ ಅತಿಸಾರಗಳಲ್ಲಿ ಒಂದು ಭಯದಿಂದ, ಇನ್ನೊಂದು ಶೋಕದಿಂದ ಹುಟ್ಟುವಂಥದು. ‘ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು’ ಎನ್ನುವ ನಮ್ಮ ಜನರಿಗೂ ಈ ಸಂಬಂಧ ಗೊತ್ತೇ ಇದೆ. ಅದಕ್ಕೆ ವಿಧಿಸಿದ ಚಿಕಿತ್ಸೆಯಾದರೂ ಏನು? ವಾತಹರ ಉಪಚಾರ, ಜೊತೆಗೆ ರೋಗಿಯನ್ನು ಸಂತೋಷಪಡಿಸುವುದು, ಧೈರ್ಯ ತುಂಬುವುದು. ಗದರಿಕೆಯ ಮಾತೇ ಅಲ್ಲಿಲ್ಲ.

ಪಶ್ಚಿಮದಲ್ಲಿ ಈ ಬೇನೆಯ ಹೆಸರುಗಳು ಬದಲಾಗುತ್ತ ಬಂದವು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆಬಡಿತ, ಏದುಸಿರುಗಳನ್ನು ಕಂಡ ವೈದ್ಯ ಡಾ ಕೋಸ್ಟಾ 1871ರಲ್ಲಿ ಅದನ್ನು ಹೃದಯದ ಕೆರಳಿಕೆಯೆಂದು ವರ್ಣಿಸಿದರು. 1895ರಲ್ಲಿ ಫ್ರಾಯ್ಡ್ ಆತಂಕವನ್ನು ನರದೌರ್ಬಲ್ಯದಿಂದ ಬೇರ್ಪಡಿಸಿದರು. 1980ರ ಅಮೆರಿಕನ್ ಮನೋವೈದ್ಯರ ಕೈಪಿಡಿಯು ಹಠಾತ್ ಭೀತಿಯನ್ನೂ ಬಿಡದೆ ಕಾಡುವ ಆತಂಕವನ್ನೂ ಬೇರೆ ಬೇರೆ ರೋಗಗಳೆಂದಿತು. ರಣರಂಗ ಕಂಡ ಸೈನಿಕರನ್ನೇ ಬಿಡದ ಬೇನೆಯನ್ನು ಗೃಹಿಣಿಯೊಬ್ಬಳ ಮನೋದೌರ್ಬಲ್ಯವೆನ್ನುವುದು ಯಾವ ನ್ಯಾಯ?

ನಾವೂ ಹರೆಯದಲ್ಲಿ “ಚಿಂತೆ ಬಿಡಿ, ಶಿವಧ್ಯಾನ ಮಾಡಿ” ಎಂದು ಹೇಳಿ ಕಳುಹಿಸಿದ್ದುಂಟು. ಬಿಡಲು ಬರುವಂತಿದ್ದರೆ ಅವರು ನಮ್ಮಲ್ಲಿಗೆ ಏಕೆ ಬರುತ್ತಿದ್ದರು! ಇಷ್ಟಲಿಂಗದಲ್ಲಿ ದೃಷ್ಟಿ ನಿಂತಾಗ ಉಸಿರು ತಾನಾಗಿ ನಿಧಾನಗೊಳ್ಳುವುದನ್ನು ನಾವು ಬಲ್ಲೆವು. ಎಳ್ಳೆಣ್ಣೆಯ ಅಭ್ಯಂಗ, ಹೊತ್ತಿಗೆ ಸರಿಯಾದ ಊಟ ನಿದ್ರೆಗಳೂ ಹಿತಕರ. ಆದರೆ ಪೂಜೆಯನ್ನು ಪರೀಕ್ಷೆಯಾಗಿಸಬಾರದು.

ಇನ್ನೊಂದು ಮಾತನ್ನು ಆಯುರ್ವೇದದವರಾದ ನಾವೇ ಹೇಳಬೇಕು. ಅಶ್ವಗಂಧವನ್ನು ನಂಬಿ ಮನೋವೈದ್ಯರು ಕೊಟ್ಟ ಗುಳಿಗೆಗಳನ್ನು ಥಟ್ಟನೆ ನಿಲ್ಲಿಸಬೇಡಿರಿ. ಅವುಗಳಲ್ಲಿ ಕೆಲವನ್ನು ಒಮ್ಮೆಲೇ ಬಿಟ್ಟರೆ ಅಪಸ್ಮಾರದಂತಹ ಸೆಳವು ಬರಬಹುದು. ಅಶ್ವಗಂಧವೂ ಎಲ್ಲರಿಗೂ ಒಗ್ಗುವುದಿಲ್ಲ. ಥೈರಾಯ್ಡ್ ತೊಂದರೆಯುಳ್ಳವರು ಕೇಳದೆ ಸೇವಿಸಬಾರದು. ವೈದ್ಯರ ಬಳಿ ಹೋಗಲು ಸಂಕೋಚವಾದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಆ ತಾಯಿ ಈಗ ಮನೋವೈದ್ಯರ ಗುಳಿಗೆಯನ್ನೂ ನಮ್ಮ ತೈಲವನ್ನೂ ಬಳಸುತ್ತಿದ್ದಾರೆ. ನಸುಕಿನ ಅಂಜಿಕೆ ಪೂರ್ತಿ ಹೋಗಿಲ್ಲ. “ಬರ್ತದ್ರೀ, ಬಂದಾಗ ಜಳಕ ಮಾಡಿ ಪೂಜಿಗೆ ಕೂಡ್ತೀನಿ” ಎಂದರು ಮೊನ್ನೆ. ಭಕ್ತಿಯ ಪ್ರಶ್ನೆಯನ್ನು ಮಾತ್ರ ಮತ್ತೆ ಕೇಳಲಿಲ್ಲ.