ಎಪ್ಪತ್ನಾಲ್ಕಕ್ಕೂ ಎಪ್ಪತ್ತೈದಕ್ಕೂ ನಡುವೆ

ಕರ್ನಾಟಕದ ಅಂಗವಿಕಲರ ಮಾಸಾಶನಕ್ಕೆ ಎರಡು ಮೆಟ್ಟಿಲು. ವೈಕಲ್ಯ ಶೇ 40 ಮುಟ್ಟಿ 75ರ ಒಳಗಿದ್ದರೆ ತಿಂಗಳಿಗೆ 800 ರೂಪಾಯಿ. 75 ಮುಟ್ಟಿದರೆ 1,400. ತೀವ್ರ ಬುದ್ಧಿಮಾಂದ್ಯರಿಗೆ 2,000ದ ಬೇರೆ ದರವಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಮೇಲೆ 74 ಎಂದು ಅಚ್ಚಾಯಿತೆನ್ನಿ, ಆ ಒಂದು ಅಂಕಕ್ಕೆ ತಿಂಗಳಿಗೆ 600 ರೂಪಾಯಿ ಹೋಯಿತು. 39 ಎಂದಾದರಂತೂ ಮಾಸಾಶನಕ್ಕೆಂದು ನಾಡಕಚೇರಿಗೆ ಹೋಗುವ ಬಸ್ ಚಾರ್ಜೂ ದಂಡ.

ಬದುಕಿನ ಕಷ್ಟವನ್ನು ಹೀಗೆ ಶೇಕಡಾವಾರು ಅಳೆಯುವುದು ಅನ್ಯಾಯ ಎಂಬುದು ಹಳೆಯ ದೂರು. ಆದರೆ ಅಂಕಿಯನ್ನು ತೆಗೆದುಹಾಕಿದರೆ ಆ ಜಾಗದಲ್ಲಿ ಬಂದು ಕೂರುವವರು ಯಾರು? ‘ಇವನಿಗೆ ನಿಜಕ್ಕೂ ತೊಂದರೆ ಇದೆ, ಅವನಿಗಿಲ್ಲ’ ಎಂದು ಊರಿನಲ್ಲಿ ತೀರ್ಮಾನಿಸುವ ಶಕ್ತಿ ಯಾರ ಕೈಯಲ್ಲಿರುತ್ತದೆ ಎಂಬುದು ಹಳ್ಳಿ ಬಲ್ಲವರಿಗೆ ಗೊತ್ತು. ವೈದ್ಯರು ಬರೆದ ಅಂಕಿ ಬೀದರಿನಲ್ಲಿಯೂ ಅದೇ, ಮಡಿಕೇರಿಯಲ್ಲಿಯೂ ಅದೇ. ಗ್ರಾಮ ಆಡಳಿತ ಅಧಿಕಾರಿಯ ಮುನಿಸಿಗೆ ಅದು ಇಳಿಯುವುದಿಲ್ಲ, ಪಂಚಾಯಿತಿ ಸದಸ್ಯನ ಪ್ರೀತಿಗೆ ಏರುವುದಿಲ್ಲ.

ಅಂಕಿಯ ಜತೆಗೆ ಬಿಗಿ ತಪಾಸಣೆಯೂ ಬೇಕು, ಅದಕ್ಕೂ ಕಾರಣವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯವನ್ನು ಗುರುತಿಸಿ, ಸರ್ಕಾರಿ ನೌಕರಿಯಲ್ಲಿ ಶೇ 4ರ ಮೀಸಲಾತಿ ಕೊಟ್ಟಿತು. ಸುಳ್ಳು ಪ್ರಮಾಣಪತ್ರ ತಂದವನು ಕಸಿಯುವುದು ಇನ್ನೊಬ್ಬ ಅಂಗವಿಕಲನ ಕುರ್ಚಿಯನ್ನೇ. ಮೋಸದಿಂದ ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಸೆರೆ ಎಂದು ಅದೇ ಕಾಯ್ದೆ ಹೇಳಿದ್ದು ಸುಮ್ಮನೆ ಅಲ್ಲ.

ಇಷ್ಟನ್ನು ಒಪ್ಪಿದ ಮೇಲೂ ಲೆಕ್ಕದ ಒಳಹೊಕ್ಕರೆ ಇರುಸುಮುರುಸಾಗುತ್ತದೆ. ಒಬ್ಬರಿಗೆ ಕಾಲಿನ ವೈಕಲ್ಯ ಶೇ 45, ಕಿವಿಯದು ಶೇ 36. ಕೂಡಿದರೆ 81, ಹೆಚ್ಚಿನ ಮಾಸಾಶನ ಖಚಿತ ಎಂದು ಮನೆಯವರು ನಂಬಿರುತ್ತಾರೆ. ವೈಕಲ್ಯ ಅಳೆಯುವ ಸರ್ಕಾರಿ ಮಾರ್ಗಸೂಚಿ ಹಾಗೆ ಕೂಡುವುದಿಲ್ಲ. ದೊಡ್ಡ ಅಂಕವನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಕ್ಕೆ ಸೇರಿಸಬೇಕು. ಇಲ್ಲಿ ಬರುವುದು 18, ಒಟ್ಟು 63. ಅಲ್ಲಿಗೆ 800 ರೂಪಾಯಿ. ಎರಡನೆಯ ವೈಕಲ್ಯ ಮೊದಲನೆಯದು ಉಳಿಸಿದ ಸಾಮರ್ಥ್ಯವನ್ನಷ್ಟೇ ಕುಗ್ಗಿಸಬಲ್ಲದು ಎಂಬುದು ಈ ಸೂತ್ರದ ತರ್ಕ. ಕಾಗದದ ಮೇಲೆ ಸರಿಯೇ, ಒಟ್ಟು ನೂರು ದಾಟುವ ಅಸಂಬದ್ಧವೂ ತಪ್ಪುತ್ತದೆ. ಆದರೆ ದೃಷ್ಟಿ ಕಡಿಮೆಯಾದವರು ದಿನ ದೂಡುವುದೇ ಕಿವಿಯನ್ನು ನಂಬಿ. ಆ ಕಿವಿಯೂ ಮಂದವಾದರೆ ನಷ್ಟ ಕೂಡುವುದಿಲ್ಲ, ಗುಣಿಸುತ್ತದೆ. ಸೂತ್ರ ಮಾತ್ರ ಅದನ್ನು ತಗ್ಗಿಸಿ ತೋರಿಸುತ್ತದೆ.

ಅಳತೆಯೂ ಎಲ್ಲ ಕಡೆ ಒಂದೇ ಅಲ್ಲ. ಮಾನಸಿಕ ಕಾಯಿಲೆಗೆ ಬಳಸುವ ಐಡಿಯಾಸ್ ಮಾಪಕ ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಇವುಗಳ ಬಗ್ಗೆ ವಿಚಾರಿಸುತ್ತದೆ. ಕೈಕಾಲಿನ ವಿಚಾರಕ್ಕೆ ಬಂದರೆ ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲ ಎಂಬುದಕ್ಕೇ ಹೆಚ್ಚು ತೂಕ. ಬಾವಿಯಿಂದ ನೀರು ಸೇದಬೇಕಾದ ಮನೆಯೋ ನಲ್ಲಿಯಿರುವ ಮನೆಯೋ, ಅದನ್ನು ಯಾರೂ ಕೇಳರು.

ಹಾಗೆ ನೋಡಿದರೆ ಬೇರೆ ದಾರಿ ಕಾಯ್ದೆಯಲ್ಲೇ ಇದೆ. ಹೆಚ್ಚಿನ ನೆರವು ಬೇಕಾದವರು 38ನೇ ಕಲಮಿನಡಿ ಪ್ರತ್ಯೇಕ ಅರ್ಜಿ ಹಾಕಬಹುದು. ಅಲ್ಲಿ ಮೌಲ್ಯಮಾಪನ ಮಂಡಳಿ ನೋಡಬೇಕಾದದ್ದು ಎಷ್ಟು ನೆರವು ಬೇಕು ಎಂಬುದನ್ನು. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಪರೀಕ್ಷೆಗೆ ಲಿಪಿಕಾರರನ್ನು ಕೊಡಲು 40ರ ಗೆರೆ ಅಡ್ಡ ಬರಬಾರದು ಎಂದಿತು. ಇಲ್ಲೂ ಒಂದು ಆಕ್ಷೇಪವಿದೆ, ಹಗುರವಾದದ್ದಲ್ಲ: ನೆರವಿನ ಅಗತ್ಯ ಅಳೆಯಲು ಮತ್ತೊಂದು ಸಮಿತಿ, ಮತ್ತೊಂದು ದಿನದ ಕೂಲಿ ನಷ್ಟ, ಮತ್ತೆ ಒಬ್ಬರ ವಿವೇಚನೆ.

ನನ್ನ ಮಟ್ಟಿಗೆ, ಒಳಬರಲು 40ರ ಗೆರೆ ಇರಲಿ. 75ರ ಮೆಟ್ಟಿಲಿಗೆ ಮಾತ್ರ ಸಮರ್ಥನೆ ಸಿಗುತ್ತಿಲ್ಲ. ಅಂಕದೊಂದಿಗೆ ಮೊತ್ತವೂ ಸ್ವಲ್ಪಸ್ವಲ್ಪವೇ ಏರುವಂತೆ ಮಾಡಲು ಹೊಸ ಸಮಿತಿ ಬೇಕಿಲ್ಲ. ಖಜಾನೆಗೆ ಭಾರ ಎನ್ನುತ್ತಾರೆ, ನಿಜ. ಕಾಯ್ದೆಯ 24ನೇ ಕಲಂ ‘ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ’ ಎಂಬ ಕಿಂಡಿಯನ್ನೂ ಬಿಟ್ಟಿದೆ. ಅದೇ ಕಲಂ, ಇತರರ ಅಂಥದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25 ಹೆಚ್ಚು ಕೊಡಬೇಕು ಎಂದೂ ಹೇಳುತ್ತದೆ. ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ ಮಾಸಾಶನ 1,200 ಇರುವಾಗ 800 ರೂಪಾಯಿ ಯಾವ ಲೆಕ್ಕ? ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಯ ಪಾಲು, ಅದೂ ವೈಕಲ್ಯ ಶೇ 80 ಮುಟ್ಟಿದ ಬಡವರಿಗೆ, 300 ರೂಪಾಯಿ.

ಸದ್ಯಕ್ಕೆ ಅರ್ಜಿದಾರರ ಕೈಯಲ್ಲಿರುವುದು ಮೌಲ್ಯಮಾಪನದ ವಿವರ. ಯಾವ ಅಂಗಕ್ಕೆ ಎಷ್ಟು ಅಂಕ ಹಾಕಿದ್ದಾರೆಂದು ಕೇಳಿ ಪಡೆಯಬೇಕು. ಮೇಲಿನ ಲೆಕ್ಕವನ್ನು ಮನೆಯಲ್ಲೇ ಮಾಡಿ ನೋಡಬಹುದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅವರೂ ಅಂಗವಿಕಲರೇ, ಅರ್ಜಿ ಬರೆಯಲು ನೆರವಾಗುತ್ತಾರೆ. ಅಂಕಿ ತಪ್ಪೆನಿಸಿದರೆ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ.