ರೀಲ್ ಬಿಡ್ತಿಲ್ಲ, ನಿಜ ಹೇಳ್ತಿದ್ದೀನಿ: ಚಳಿಗೆ ಗ್ರೀಸ್ ಕಮ್ಮಿ ಇರಲಿ

ವಿನ್ನಿಪೆಗ್ ಚಳಿ ಸರಣಿ, ಭಾಗ 6

ಮೊದಲೇ ಹೇಳಿಬಿಡ್ತೀನಿ, ಇದು ನೀವು ಕ್ಲಾಸಲ್ಲಿ ಕದ್ದು ನೋಡೋ ರೀಲ್ ಅಲ್ಲ. ಗಾಳದ ಕೋಲಿಗೆ ಹಾಕೋ, ದಾರ ಸುತ್ತೋ ರೀಲ್. ಮೊದಲನೇ ಫೋಟೋದಲ್ಲಿ ಹಳೇ ಬೆಡ್‌ಶೀಟ್ ಮೇಲೆ ಬಿಚ್ಚಿ ಹರಡಿರೋದು ಅದೇ. ಎರಡನೇ ಫೋಟೋದಲ್ಲಿರೋದು ನನ್ನ ಬೆರಳು, ಹೋದ ಜನವರಿಯದ್ದು. ತುದಿ ಮೇಣದ ಥರ ಬೆಳ್ಳಗಾಗಿದೆಯಲ್ಲ, ಅದಕ್ಕೆ ಕಾರಣ ಮೊದಲನೇ ಫೋಟೋದಲ್ಲಿರೋ ವಸ್ತು. ಸರಿಯಾಗಿ ಹೇಳ್ಬೇಕಂದ್ರೆ, ಅದಕ್ಕೆ ನಾನು ಮಾಡಿದ ಅತಿ ಉಪಚಾರ.

ಶಿವಮೊಗ್ಗದ ಬ್ಯಾಚಿನವರಿಗೆ ಗೊತ್ತು, ತುಂಗಾ ದಂಡೆಯಲ್ಲಿ ನಮ್ಮದು ಬಿದಿರು ಕೋಲು, ನೈಲಾನ್ ದಾರ, ಎರೆಹುಳ. ಅಷ್ಟೇ. ರೀಲ್ ಅನ್ನೋದನ್ನ ನಾನು ಕೈಯಲ್ಲಿ ಹಿಡಿದಿದ್ದೇ ಇಲ್ಲಿಗೆ ಬಂದ ಮೇಲೆ. ಇಲ್ಲಿ ಲೇಕ್ ವಿನ್ನಿಪೆಗ್ ಪೂರ್ತಿ ಹೆಪ್ಪುಗಟ್ಟುತ್ತೆ. ಗಿಮ್ಲಿ ಕಡೆ ಹೋದ್ರೆ ಜನ ಐಸ್ ಮೇಲೆ ನಡೆದು ಹೋಗಿ, ತೂತು ಕೊರೆದು, ಬಕೆಟ್ ಬೋರಲು ಹಾಕಿ ಕೂತು ಗಾಳ ಬಿಡ್ತಾರೆ. ಎಲ್ಲರಿಗೂ ಬೇಕಾಗಿರೋದು ವಾಲೈ ಅನ್ನೋ ಮೀನು. ಇಲ್ಲಿನವರ ಬಾಯಲ್ಲಿ ಅದು ಪಿಕರೆಲ್.

ಹೋದ ವರ್ಷ ಕ್ಲಾಸ್‌ಮೇಟ್ ಒಬ್ಬ ತನ್ನ ರೀಲ್ ಕೊಟ್ಟಿದ್ದ. ಇನ್ನೊಬ್ಬರ ವಸ್ತು, ಚೆನ್ನಾಗಿ ನೋಡ್ಕೋಬೇಕು ಅಂತ ಹಿಂದಿನ ರಾತ್ರಿ ಬಿಚ್ಚಿ, ಕಂಡ ಕಂಡಲ್ಲೆಲ್ಲ ಗ್ರೀಸ್ ಮೆತ್ತಿದೆ. ಒಬ್ಬಟ್ಟಿಗೆ ತುಪ್ಪ ಸುರಿದ ಹಾಗೆ. ಹೀಟರ್ ಬೆಚ್ಚಗಿದ್ದ ಅಡುಗೆಮನೆಯಲ್ಲಿ ಹಿಡಿಕೆ ಬೆಣ್ಣೆಯಂತೆ ತಿರುಗ್ತಿತ್ತು. ಮಾರನೇ ದಿನ ಐಸ್ ಮೇಲೆ ಮೈನಸ್ 27. ಮೀನು ಕಚ್ಚಿತು, ಎಳೆದೆ, ಹಿಡಿಕೆ ಗರ್ರ್ ಅಂತ ಹಿಂದಕ್ಕೆ ಸುತ್ತಿತು. ಮೀನು ಹೋಯ್ತು. ಹೋಗಲಿ ಬಿಡಿ. ನಾನು ಗ್ಲೌಸ್ ತೆಗೆದು ಒದ್ದೆ ದಾರ, ತಣ್ಣನೆ ಲೋಹ ಹಿಡ್ಕೊಂಡು ರಿಪೇರಿಗೆ ಕೂತೆ ನೋಡಿ, ಅದು ಮೂರ್ಖತನ. ಎಷ್ಟೊತ್ತು ಕೂತಿದ್ದೆ ಅಂತ ಗೊತ್ತಾಗ್ಲಿಲ್ಲ, ಯಾಕಂದ್ರೆ ಬೆರಳು ನೋಯೋದೇ ನಿಂತುಹೋಗಿತ್ತು. ಈಗಲೂ ಚಳಿಗೆ ಆ ಬೆರಳು ಜುಮ್ ಅನ್ನುತ್ತೆ. (ನಿಮಗೆ ಹೀಗಾದ್ರೆ ಉಜ್ಜಬೇಡಿ. ಕಂಕುಳಲ್ಲಿ ಇಟ್ಕೊಂಡು ಬೆಚ್ಚಗಿನ ಜಾಗಕ್ಕೆ ಹೋಗಿ. ಬಣ್ಣ, ಸ್ಪರ್ಶ ವಾಪಸ್ ಬರದಿದ್ರೆ ಡಾಕ್ಟರ್ ಹತ್ರ ಓಡಿ.)

ಆಗಿದ್ದೇನು ಅಂದ್ರೆ, ರೀಲ್ ಹಿಡಿಕೆ ಮುಂದಕ್ಕೆ ಮಾತ್ರ ತಿರುಗಬೇಕು. ಹಿಂದಕ್ಕೆ ಹೋಗದ ಹಾಗೆ ತಡೆಯೋಕೆ ಒಳಗೆ ಒಂದು ಪುಟ್ಟ ರೋಲರ್ ಕ್ಲಚ್ ಇರುತ್ತೆ. ಸೈಕಲ್ಲಿನ ಫ್ರೀವೀಲ್ ಒಂದೇ ಕಡೆ ಹಿಡಿಯುತ್ತಲ್ಲ, ಆ ಜಾತಿಯದ್ದು. ಅದರೊಳಗಿನ ಸಣ್ಣ ಸಣ್ಣ ರೋಲರ್‌ಗಳನ್ನ ಕೂದಲೆಳೆಯಂಥ ಸ್ಪ್ರಿಂಗ್‌ಗಳು ತಳ್ಳಿ ಸಂದಿಯಲ್ಲಿ ಕಚ್ಚಿಸ್ತವೆ. ಅಲ್ಲಿ ಗ್ರೀಸ್ ಗಟ್ಟಿಯಾದ್ರೆ ಆ ಸ್ಪ್ರಿಂಗಿಗೆ ತಳ್ಳೋ ಶಕ್ತಿ ಸಾಲಲ್ಲ. ರೋಲರ್ ಕಚ್ಚಲ್ಲ, ಹಿಡಿಕೆ ಹಿಂದಕ್ಕೆ ಓಡುತ್ತೆ.

ಗ್ರೀಸ್ ಯಾಕೆ ಗಟ್ಟಿಯಾಗುತ್ತೆ ಅಂತ ನಮ್ಮೂರವರಿಗೆ ಹೇಳಿಕೊಡಬೇಕಾ? ಡಿಸೆಂಬರಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಬಿಸಿಲಿಗಿಡ್ತೀವಲ್ಲ! ಗ್ರೀಸ್ ಅಂದ್ರೆ ಸೋಪಿನಂಥ ಒಂದು ಪದಾರ್ಥ ಸ್ಪಂಜಿನ ಹಾಗೆ ಎಣ್ಣೆಯನ್ನ ಹಿಡಿದಿಟ್ಕೊಂಡಿರೋದು. ಚಳಿಗೆ ಆ ಎಣ್ಣೆ ಮಂದವಾಗುತ್ತೆ, ಇಡೀ ಮುದ್ದೆ ಅಂಟಾಗುತ್ತೆ. ಬೇಸಿಗೆಗೆ ಅಂತ ಫ್ಯಾಕ್ಟರಿಯಲ್ಲಿ ಹಾಕಿರೋ ಗ್ರೀಸಿಗೂ ಇದೇ ಗತಿ.

ಹಾಗಾಗಿ ನನ್ನ ವಾದ ಇಷ್ಟು. ಚಳಿಗೆ ರೀಲ್ ರೆಡಿ ಮಾಡೋದು ಅಂದ್ರೆ ಹಾಕೋದಲ್ಲ, ತೆಗೆಯೋದು. ನಮ್ಮ ಗ್ರೂಪಿನಲ್ಲಿ ಇದಕ್ಕೆ ಎರಡು ಪಕ್ಷ ವಿರೋಧ. ಒಂದು ಪಕ್ಷ "ಐಸ್ ಫಿಶಿಂಗ್ ರೀಲ್ ಅಂತಾನೇ ಸಿಗುತ್ತೆ, ಹೊಸದು ತಗೋ ಗುರು" ಅನ್ನುತ್ತೆ. ಬಾಡಿಗೆ, ಫೀಸ್ ಕಟ್ಟಿ ಉಳಿದ ದುಡ್ಡಲ್ಲಿ ದಿನಸಿ ತರೋರು ನಾವು. ಇರೋದನ್ನ ಒಂದು ಸಂಜೆ ಕೂತು ತೊಳೆಯೋಕಾಗಲ್ವಾ? ಹೊಸದರಲ್ಲೂ ಗ್ರೀಸ್ ಜಾಸ್ತಿ ಇದ್ರೆ ಏನ್ಮಾಡ್ತೀರಿ? ಇನ್ನೊಂದು ಪಕ್ಷ ಡಬ್ಲ್ಯೂಡಿ-40 ಭಕ್ತರು. ಹೆಸರಲ್ಲಿರೋ ಡಬ್ಲ್ಯೂಡಿ ಅಂದ್ರೇನೇ ನೀರನ್ನ ಹೊರಗೆ ತಳ್ಳೋದು ಅಂತ. ಅದಕ್ಕೆ ಒಳ್ಳೇದು. ಆದ್ರೆ ಹಳೇ ಗ್ರೀಸಿನ ಮೇಲೆ ಚಿಮುಕಿಸಿ ಬಿಟ್ರೆ ಗ್ರೀಸ್ ಅರ್ಧ ಕರಗಿ, ಹರಿದು ಹೋಗಿ ಕೂರೋದು ಎಲ್ಲಿ? ಬೇಡದ ಜಾಗದಲ್ಲಿ, ಅಂದ್ರೆ ಅದೇ ಕ್ಲಚ್ಚಿನಲ್ಲಿ.

ಈ ಸಲ ನಾನು ಮಾಡಿದ್ದು ಮೂರನೇ ಫೋಟೋದಿಂದ ಮುಂದೆ ಇದೆ. ಸ್ಪೂಲ್, ಹಿಡಿಕೆ, ರೋಟರ್ ಒಂದೊಂದೇ ಬಿಚ್ಚಿ, ಬಿಚ್ಚೋಕೆ ಮುಂಚೆ ಪ್ರತಿ ಸಲ ಒಂದು ಫೋಟೋ ತೆಗೆದೆ. ಊಟದ ಫೋಟೋ ತೆಗೆಯೋ ಚಟ ಇಲ್ಲಿ ಉಪಯೋಗಕ್ಕೆ ಬಂತು. ನನ್ನ ರೀಲಲ್ಲಿ ಕ್ಲಚ್ ರೋಟರ್ ಕೆಳಗಿದೆ. ಅದನ್ನ ಮಾತ್ರ ಬಿಡಿ ಬಿಡಿ ಮಾಡಬೇಡಿ, ಆ ಸ್ಪ್ರಿಂಗ್ ಹಾರಿ ಸೋಫಾ ಕೆಳಗೆ ಹೋದ್ರೆ ಕಥೆ ಮುಗೀತು. ಇಡಿಯಾಗಿ ಸಣ್ಣ ಗಾಜಿನ ಜಾಡಿಗೆ ಹಾಕಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದು ಅಲ್ಲಾಡಿಸಿ, ಹೊರಗೆ ತೆಗೆದು ಪೂರ್ತಿ ಒಣಗಿಸಿ. ಕಿಟಕಿ ತೆಗೆದಿರಲಿ, ಒಲೆ ಆಫ್ ಆಗಿರಲಿ, ಅದು ಬೆಂಕಿ ಹಿಡಿಯೋ ಪದಾರ್ಥ. ನಾನು ಕ್ಲಚ್ಚಿಗೆ ವಾಪಸ್ ಏನೂ ಹಾಕಲಿಲ್ಲ. ಹಾಕಲೇಬೇಕು ಅನ್ನಿಸಿದ್ರೆ ಸೂಜಿ ತುದಿಯಲ್ಲಿ ತೆಳು ಎಣ್ಣೆ, ಅಷ್ಟೇ. ಹಲ್ಲುಚಕ್ರಗಳ ಹಳೇ ಗ್ರೀಸನ್ನ ಟೂತ್‌ಬ್ರಷ್ಷಲ್ಲಿ ಉಜ್ಜಿ ತೆಗೆದು, ಚಳಿಗೆ ಅಂತ ಮಾಡಿರೋ ಸಿಂಥೆಟಿಕ್ ಗ್ರೀಸನ್ನ ದೋಸೆ ಹೆಂಚಿಗೆ ಎಣ್ಣೆ ಸವರಿದಷ್ಟು ಸವರಿದೆ. ಬೇರಿಂಗಿಗೆ, ದಾರ ಉರುಳೋ ಪುಟ್ಟ ರೋಲರಿಗೆ ಒಂದೊಂದು ಹನಿ. ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡೋ ಡ್ರ್ಯಾಗ್ ವಾಷರ್‌ಗಳನ್ನ ಆಲ್ಕೋಹಾಲಿನಲ್ಲಿ ನೆನೆಸಬೇಡಿ, ಒರೆಸಿದ್ರೆ ಸಾಕು. ಅಲ್ಲಿ ನೀರು ಉಳಿದ್ರೆ ಹೆಪ್ಪುಗಟ್ಟಿ ಕಚ್ಕೊಳ್ಳುತ್ತೆ.

ಎಣ್ಣೆ ಸರಿ ಇದೆಯಾ ಅಂತ ಬಾಟಲಿ ಮೇಲೆ ಬರೆದಿರೋದನ್ನ ನಂಬೋ ಬದಲು ಫ್ರೀಜರ್ ಕೇಳಿ. ಮನೆ ಫ್ರೀಜರ್ ಸುಮಾರು ಮೈನಸ್ 18 ಇರುತ್ತೆ. ಒಂದು ಸ್ಟೀಲ್ ತಟ್ಟೆ, ಒಂದು ಹನಿ, ಒಂದು ರಾತ್ರಿ. ಬೆಳಗ್ಗೆ ತಟ್ಟೆ ಓರೆ ಮಾಡಿದಾಗ ಹನಿ ಜಾರಬೇಕು. ಜೋಡಿಸಿದ ರೀಲನ್ನೂ ಕವರಲ್ಲಿ ಕಟ್ಟಿ ಅಲ್ಲೇ ಇಟ್ಟೆ. ಪರೋಟ ತೆಗೆಯೋಕೆ ಹೋದ ರೂಮ್‌ಮೇಟ್ ಕೈಗೆ ಸಿಕ್ಕಿ ಬೈಸ್ಕೊಂಡೆ. ಮೈನಸ್ 18ರಲ್ಲಿ ಪಾಸಾದದ್ದು ಮೈನಸ್ 27ರಲ್ಲೂ ಪಾಸಾಗುತ್ತೆ ಅಂತ ಗ್ಯಾರಂಟಿ ಇಲ್ಲ, ಒಪ್ತೀನಿ. ಆದ್ರೆ ಇಲ್ಲೇ ಫೇಲ್ ಆಗೋದನ್ನ ಅಲ್ಲಿವರೆಗೆ ಹೊತ್ಕೊಂಡು ಹೋಗೋದು ತಪ್ಪುತ್ತಲ್ಲ.

ಇನ್ನೊಂದು ಜಗಳ ಬಾಕಿ ಇದೆ. ಟೆಂಟಲ್ಲಿ ಹೀಟರ್ ಪಕ್ಕ ರೀಲ್ ಇಟ್ಟು "ಬೆಚ್ಚಗಿರಲಿ ಪಾಪ" ಅನ್ನೋರ ಜೊತೆ. ಮೇಲಿನ ಮಂಜು ಕರಗಿ ನೀರಾಗಿ ಒಳಗಿಳಿಯುತ್ತೆ, ಹೊರಗೆ ತಂದ ತಕ್ಷಣ ಕಲ್ಲಾಗುತ್ತೆ. ಮನೆಗೆ ತಂದಾಗಲೂ ಅಷ್ಟೇ, ಕನ್ನಡಕಕ್ಕೆ ಮಬ್ಬು ಕವಿದ ಹಾಗೆ ರೀಲಿನ ಒಳಗೂ ಕವಿಯುತ್ತೆ. ಅದಕ್ಕೆ ಮನೆಗೆ ಬಂದ ಮೇಲೆ ಸ್ಪೂಲ್ ತೆಗೆದು, ಡ್ರ್ಯಾಗ್ ಸಡಿಲ ಮಾಡಿ, ರಾತ್ರಿಯಿಡೀ ಒಣಗೋಕೆ ಬಿಡಿ. ಗ್ರೀಸ್ ಡಬ್ಬಿಗಿಂತ ಈ ಅಭ್ಯಾಸ ಜಾಸ್ತಿ ಕೆಲಸ ಮಾಡುತ್ತೆ ಅಂತ ನನ್ನ ನಂಬಿಕೆ.

ಇದಕ್ಕೆ ಬೆಲೆ ಇಲ್ಲ ಅಂತಲ್ಲ. ಇಷ್ಟು ಕಮ್ಮಿ ಗ್ರೀಸಲ್ಲಿ ಬೇಸಿಗೆಯಿಡೀ ಓಡಿಸಿದ್ರೆ ಹಲ್ಲು ಸವೆಯುತ್ತೆ, ಆದ್ದರಿಂದ ಐಸ್ ಕರಗಿದ ಮೇಲೆ ಮತ್ತೆ ಬಿಚ್ಚಿ ಗ್ರೀಸ್ ಹಾಕಲೇಬೇಕು. ವರ್ಷಕ್ಕೆ ಎರಡು ಸಂಜೆ ಕೆಲಸ. ಸೋಮಾರಿಗಳಿಗೆ ಕಷ್ಟ, ನನಗೂ ಕಷ್ಟ.

ಕೆರೆ ಇನ್ನೂ ಹೆಪ್ಪುಗಟ್ಟಿಲ್ಲ. ಇಲ್ಲಿರೋರು ಶನಿವಾರ ಸಂಜೆ ರೀಲ್ ತಗೊಂಡು ನಮ್ಮ ರೂಮಿಗೆ ಬನ್ನಿ. ಆಲ್ಕೋಹಾಲ್ ಇದೆ (ಕುಡಿಯೋದಲ್ಲ), ಚಹಾನೂ ಇರುತ್ತೆ. ಹಳೇ ಟೂತ್‌ಬ್ರಷ್ ಮಾತ್ರ ನಿಮ್ಮ ನಿಮ್ಮದೇ ತನ್ನಿ.