ಗ್ರೆಟ್ಸ್ಕಿಯನ್ನ ಮಾರಿದ್ದು ಜಾಣತನಾನಾ?

ಈ ಸಲ ನಮ್ಮ ಹಾಕಿ ಅಲ್ಲ, ಕೆನಡಾದ ಐಸ್ ಹಾಕಿ. ಹಾಗಂತ ಸ್ಕ್ರಾಲ್ ಮಾಡ್ಬೇಡಿ. ಅಕೌಂಟ್ಸ್ ಓದೋರಿಗೆ ಇದಕ್ಕಿಂತ ಒಳ್ಳೆ ಕೇಸ್ ಸಿಗಲ್ಲ.

1988ರ ಆಗಸ್ಟ್ 9. ಎಡ್ಮಂಟನ್ ಆಯಿಲರ್ಸ್ ಐದು ಸೀಸನ್‌ನಲ್ಲಿ ನಾಲ್ಕನೇ ಸ್ಟ್ಯಾನ್ಲಿ ಕಪ್ ಗೆದ್ದು ಮೂರು ತಿಂಗಳೂ ಆಗಿರಲಿಲ್ಲ. ಕ್ಯಾಪ್ಟನ್ ವೇಯ್ನ್ ಗ್ರೆಟ್ಸ್ಕಿಗೆ ಬರೀ 27 ವರ್ಷ. ಅವನ ಜೊತೆ ಇನ್ನಿಬ್ಬರನ್ನೂ ಸೇರಿಸಿ ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಕೊಟ್ಟುಬಿಟ್ರು. ಅದೂ ತಮ್ಮದೇ ಡಿವಿಷನ್‌ನ ಟೀಮ್‌ಗೆ! ಬದಲಿಗೆ ಬಂದಿದ್ದು ಜಿಮ್ಮಿ ಕಾರ್ಸನ್, ಮಾರ್ಟಿನ್ ಜೆಲಿನಾ, ಹೊಸ ಹುಡುಗರನ್ನ ಮೊದಲ ಸುತ್ತಲ್ಲೇ ಆರಿಸೋ ಮೂರು ಡ್ರಾಫ್ಟ್ ಪಿಕ್, ಮತ್ತೆ 1.5 ಕೋಟಿ ಡಾಲರ್ ಕ್ಯಾಶ್.

ಜಾಣತನ ಅನ್ನೋರದ್ದು ಒಂದೇ ವಾದ: "1990ರಲ್ಲಿ ಅವನಿಲ್ದೇನೂ ಆಯಿಲರ್ಸ್ ಕಪ್ ಗೆದ್ರಲ್ಲ? ಅವನು ಆಮೇಲೆ ಒಂದೂ ಗೆಲ್ಲಲಿಲ್ಲ." ನಾನೂ ಇದನ್ನೇ ನಂಬಿದ್ದೆ. ಆದ್ರೆ ನೋಡಿ, ಕಾರ್ಸನ್ ಅಲ್ಲಿದ್ದಿದ್ದು ಒಂದು ಸೀಸನ್ ಮತ್ತು ಚೂರು. 1989ರ ನವೆಂಬರ್‌ನಲ್ಲಿ ಅವನನ್ನ ಡೆಟ್ರಾಯಿಟ್‌ಗೆ ಕೊಟ್ಟು ಕ್ಲಿಮಾ, ಗ್ರೇವ್ಸ್, ಮರ್ಫಿಯನ್ನ ತಂದ್ರು. 1990ರ ಫೈನಲ್‌ನ ಮೊದಲ ಮ್ಯಾಚು ಮೂರನೇ ಓವರ್‌ಟೈಮ್‌ಗೆ ಹೋದಾಗ ಗೋಲ್ ಹೊಡೆದಿದ್ದು ಇದೇ ಕ್ಲಿಮಾ. ಕ್ಯಾಪ್ಟನ್ ಮೆಸ್ಸಿಯರ್ ಮೊದಲಿಂದಾನೂ ಇದ್ದವನು. ಅಂದ್ರೆ ಆ ಕಪ್ಪಿನ ಕ್ರೆಡಿಟ್ ಎರಡನೇ ಟ್ರೇಡ್‌ಗೆ ಹೋಗ್ಬೇಕು. ಸರಿ, ಕಾರ್ಸನ್ ಬರದಿದ್ರೆ ಎರಡನೇದೂ ಇಲ್ಲ, ಒಪ್ತೀನಿ. ಆಟಗಾರರ ಲೆಕ್ಕದಲ್ಲಿ ಪಾಸ್ ಮಾರ್ಕ್ಸ್ ಕೊಟ್ಬಿಡೋಣ. (ಪಿಕ್‌ಗಳ ಕಥೆ ಕೇಳ್ಬೇಡಿ. 1993ರ ಪಿಕ್‌ನಲ್ಲಿ ಬಂದ ಹುಡುಗ ಎನ್‌ಎಚ್‌ಎಲ್‌ನಲ್ಲಿ ಆಡಿದ್ದೇ 2 ಮ್ಯಾಚ್.)

ನನ್ನ ತಕರಾರು ಕ್ಯಾಶ್ ಬಗ್ಗೆ. ಓನರ್ ಪೀಟರ್ ಪಾಕ್ಲಿಂಗ್ಟನ್‌ಗೆ ದುಡ್ಡು ಬೇಕಿತ್ತು, ಮಾರಿದ. ನಮ್ಮಪ್ಪ ಸಾಲ ತೀರಿಸೋಕೆ ಚೆನ್ನಾಗಿ ಓಡ್ತಿದ್ದ ಗೂಡ್ಸ್ ಆಟೋ ಮಾರಿದ್ರು. ಬೆಲೆ ಒಳ್ಳೇದೇ ಸಿಕ್ತು. ಮುಂದಿನ ತಿಂಗಳಿಂದ ಬಾಡಿಗೆ ದುಡ್ಡು ಬರೋದು ನಿಂತೋಯ್ತು. ಬೆಲೆ ಸರಿ ಇತ್ತಾ ಅಂತ ಎಲ್ಲರೂ ಕೇಳಿದ್ರು, ಆ ದುಡ್ಡಲ್ಲಿ ದುಡಿಯೋ ಇನ್ನೊಂದು ವಸ್ತು ಬಂತಾ ಅಂತ ಯಾರೂ ಕೇಳಲಿಲ್ಲ.

ಎಡ್ಮಂಟನ್‌ನಲ್ಲೂ ಅದೇ. 1991ರಲ್ಲಿ ಮೆಸ್ಸಿಯರ್ ಕೂಡ ನ್ಯೂಯಾರ್ಕ್‌ಗೆ ಹೋದ. 1993ರಿಂದ 1996ರವರೆಗೆ ಸತತ 4 ವರ್ಷ ಟೀಮು ಪ್ಲೇಆಫ್ ಮುಖಾನೇ ನೋಡಲಿಲ್ಲ. ಅತ್ತ ಕ್ಯಾಲಿಫೋರ್ನಿಯಾದಲ್ಲಿ 1991ಕ್ಕೆ ಸ್ಯಾನ್ ಹೋಸೆ, 1993ಕ್ಕೆ ಅನಾಹೈಮ್, ಎರಡು ಹೊಸ ಟೀಮು ಹುಟ್ಟಿದ್ವು. ಗುಡ್‌ವಿಲ್ ಊರು ಬದಲಾಯಿಸೋದು ಅಂದ್ರೆ ಇದೇ ಕಣ್ರೀ.

1989ರ ಆಗಸ್ಟ್‌ನಲ್ಲಿ ಎಡ್ಮಂಟನ್‌ನವರು ತಮ್ಮ ಸ್ಟೇಡಿಯಂ ಮುಂದೆ ಗ್ರೆಟ್ಸ್ಕಿ ಪ್ರತಿಮೆ ನಿಲ್ಲಿಸಿದ್ರು. ಅಕ್ಟೋಬರ್ 15ಕ್ಕೆ ಅದೇ ಸ್ಟೇಡಿಯಂ ಒಳಗೆ, ಕಿಂಗ್ಸ್ ಜೆರ್ಸಿ ಹಾಕ್ಕೊಂಡು, ಅವನು ತನ್ನ 1851ನೇ ಪಾಯಿಂಟ್ ಗಳಿಸಿ ಗಾರ್ಡಿ ಹೋವ್ ದಾಖಲೆ ಮುರಿದ.

ಜಾಣತನ ಅನ್ನೋರು ಕಾಮೆಂಟ್‌ನಲ್ಲಿ ಜಗಳಕ್ಕೆ ಬನ್ನಿ. 1990 ಬಿಟ್ಟು ಬೇರೆ ಪಾಯಿಂಟ್ ತನ್ನಿ ಅಷ್ಟೇ.